ಐದು ಜನರ ಒಂದು ಊಟ

ಹೊಣೆಗಾರಿಕೆಯಿಲ್ಲದ ಸಮಾಜ ಉದ್ಧಾರವಾಗುವುದಿಲ್ಲವೆಂಬುದು ನನ್ನ ದೃಢವಾದ ನಂಬಿಕೆ. ಧಾರವಾಡದಲ್ಲಿ ಎಂ.ಎ. ಮುಗಿಸಿ ದಾಂಡೇಲಿಗೆ ಮರಳಿದ ಮೇಲೆ ನಾನು ನಿಷ್ಠೆಯಿಂದ ನಡೆಸಿಕೊಂಡು ಬಂದ ಉದ್ಯೋಗವೆಂದರೆ, ಯಾರು ಯಾವುದಕ್ಕೆ ಉತ್ತರ ಕೊಡಬೇಕೆಂದು ಕೇಳುವುದೊಂದೇ. ಹಳಿಯಾಳದ ಬಸ್ಸು ತಡವಾದರೆ ಕಂಡಕ್ಟರನನ್ನು ಕೇಳಿದ್ದೇನೆ. ನಮ್ಮ ಓಣಿಯ ಅಂಚೆಪೆಟ್ಟಿಗೆಯ ಬಾಗಿಲು ಮುರಿದಾಗ ಪತ್ರಿಕೆಗೆ ಕಟುವಾದ ಪತ್ರ ಬರೆದಿದ್ದೇನೆ. ಅದನ್ನು ಅದೇ ಪೆಟ್ಟಿಗೆಗೆ ಹಾಕಿದ್ದರಿಂದಲೋ ಏನೋ, ಅದು ಪ್ರಕಟವಾಗಲಿಲ್ಲ. ಇಂಥವನ ಕೈಗೆ ಮನೆಯವರು ಮೊದಲ ಕುಟುಂಬ ಪ್ರವಾಸದ ಯೋಜನೆಯನ್ನು ಕೊಟ್ಟರೆಂದರೆ, ಮುಂದಿನದಕ್ಕೆ ಅವರೂ ಸ್ವಲ್ಪ ಹೊಣೆಗಾರರೇ.

ಹುಬ್ಬಳ್ಳಿಯ ಮೈದಾನದಲ್ಲಿ ಒಂದು ಪ್ರದರ್ಶನ ಬಂದಿತ್ತು. ಆಕಾಶಕ್ಕೇರುವ ದೊಡ್ಡ ತೊಟ್ಟಿಲು, ಕುಳ್ಳನನ್ನು ಉದ್ದ ಮಾಡುವ ಕನ್ನಡಿಗಳ ಮನೆ, ಬಾವಿಯ ಗೋಡೆಯ ಮೇಲೆ ಮೋಟಾರ್ ಸೈಕಲ್ ಓಡಿಸುವ ಸಾಹಸಿ. ಕಾಗದದ ಗಿರಣಿಯಲ್ಲಿ ದುಡಿಯುವ ಅಪ್ಪನಿಗೂ ಅಣ್ಣನಿಗೂ ಒಟ್ಟಿಗೇ ಎರಡು ದಿನ ರಜೆ ಸಿಕ್ಕಿದ್ದು ಗ್ರಹಣಕ್ಕಿಂತ ಅಪರೂಪದ ಯೋಗ. ಅವರಿಬ್ಬರ ಪಾಳಿ ಯಾವಾಗಲೂ ಬೇರೆ. ಒಬ್ಬರು ಗೇಟಿನಿಂದ ಹೊರಬರುವಾಗ ಇನ್ನೊಬ್ಬರು ಒಳಗೆ ಹೋಗುತ್ತಿದ್ದರು. ಮಳೆಗಾಲದಲ್ಲಿ ಮನೆಯ ಒಂದೇ ಛತ್ರಿ ಅಲ್ಲಿಯೇ ಕೈ ಬದಲಾಯಿಸುತ್ತಿತ್ತು. ಆ ತಂದೆ-ಮಗನ ನಡುವಿನ ಸಂಭಾಷಣೆಯೆಲ್ಲ ಬಹುಮಟ್ಟಿಗೆ ಆ ಛತ್ರಿಯ ಸುತ್ತಲೇ ನಡೆದಿದೆಯೆಂದರೆ ಅತಿಶಯೋಕ್ತಿಯಲ್ಲ.

ನಾನು ನಾಲ್ಕು ಕರಡು ತಯಾರಿಸಿದೆ. ಮೊದಲ ದಿನ ಪ್ರಯಾಣ, ರಾತ್ರಿ ಧರ್ಮಶಾಲೆ, ಎರಡನೆಯ ದಿನ ಪ್ರದರ್ಶನ. ಯಾವ ಹೊತ್ತಿಗೆ ರೊಟ್ಟಿ, ಯಾವ ಹೊತ್ತಿಗೆ ಮೊಸರನ್ನ ಎಂಬುದಕ್ಕೂ ಕೋಷ್ಟಕ. ಬುತ್ತಿಯ ಗಂಟು ಕಾಯುವವರು ಬೇಕಾದ್ದರಿಂದ, ಅಪ್ಪ ಮತ್ತು ತಂಗಿ ಶಾಂತಾ ತೊಟ್ಟಿಲೇರಿದಾಗ ಅವ್ವ ಮತ್ತು ಅಣ್ಣ ಊಟ ಮಾಡುವುದು, ಆಮೇಲೆ ಅದಲುಬದಲು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಇದನ್ನು ಗಂಭೀರವಾಗಿ ಓದಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಅಲ್ಲೂ ಪಾಳಿ ಹಾಕಿಯೇನೋ ಯಪ್ಪಾ?"

"ಪಾಳಿ ಅಲ್ಲವ್ವಾ, ವ್ಯವಸ್ಥಾ."

"ಏನರ ಅನ್ನು. ನಾ ಈ ಮನ್ಯಾಗ ದಿನಕ್ಕ ನಾಕ ಸಲ ಉಣ್ಣಾಕ ನೀಡ್ತೇನಿ, ನಾಕೂ ಸಲ ಒಬ್ಬೊಬ್ಬರಿಗೆ. ಐದೂ ಮಂದಿ ಒಂದ ಹೊತ್ತ ಕೂಡಿ ಉಣ್ಣೂದಿದ್ರ ಬರ್ತೇನಿ. ಇಲ್ಲಂದ್ರ ನೀವ ಹೋಗಿ ಬರ್ರಿ."

ನನಗೆ ಕುತೂಹಲ ಹುಟ್ಟಿತು. ನಾವು ಐವರೂ ಕೊನೆಯ ಬಾರಿ ಒಟ್ಟಿಗೆ ಉಂಡದ್ದು ಯಾವಾಗ? ವಿಚಾರಣೆ ಆರಂಭಿಸಿದೆ. ಅಪ್ಪ ಬಹಳ ಹೊತ್ತು ಯೋಚಿಸಿ, "ಶಾಂತಾನ ಜಾವಳದಾಗ ಉಂಡಿದ್ವಲ್ಲ" ಎಂದರು. "ಅವತ್ತ ನೀವ ಗಿರಣ್ಯಾಗ ಇದ್ರಿ. ಕೂದಲಾ ತಗದದ್ದ ಮರದಿನ ನೋಡೀರಿ" ಎಂದಳು ಅವ್ವ. ಪ್ರತಿಯೊಂದು ಹಬ್ಬವನ್ನೂ ಹೀಗೆಯೇ ಪರಿಶೀಲಿಸಿದೆವು. ಪ್ರತಿಯೊಂದರಲ್ಲೂ ಒಬ್ಬ ಗೈರುಹಾಜರು. ನಾವು ಒಂದೇ ಮನೆಯಲ್ಲಿದ್ದುಕೊಂಡು ಪರಸ್ಪರರ ಎಂಜಲು ತಟ್ಟೆಗಳನ್ನು ಮಾತ್ರ ಬಲ್ಲವರೆಂದು ಸಾಬೀತಾಯಿತು. ಐದನೆಯ ಕರಡು ಸಿದ್ಧಪಡಿಸಿದೆ. ಎರಡನೆಯ ದಿನ, ಹನ್ನೆರಡು ಗಂಟೆ, ಮೈದಾನದ ಬೇವಿನ ಮರದ ಕೆಳಗೆ, ಐವರ ಊಟ. ಅದರ ಕೆಳಗೆ ಗೆರೆ ಎಳೆದು, 'ಯಾವ ಕಾರಣಕ್ಕೂ ಬದಲಾವಣೆಯಿಲ್ಲ' ಎಂದೂ ಬರೆದೆ.

ಹುಬ್ಬಳ್ಳಿಯಲ್ಲಿ ಎರಡನೆಯ ದಿನ ಹನ್ನೆರಡಕ್ಕೆ ಅವ್ವ ಬೇವಿನ ಕೆಳಗೆ ಪತ್ರಾವಳಿ ಹಾಸಿದಳು. ಆದರೆ ಹನ್ನೊಂದಕ್ಕೆ ತಿರುಗುತ್ತದೆಂದು ಫಲಕ ಹಾಕಿದ್ದ ತೊಟ್ಟಿಲು ಇನ್ನೂ ನಿಂತೇ ಇತ್ತು. ಸಾರ್ವಜನಿಕರಿಗೆ ಕೊಟ್ಟ ಮಾತು! ನನ್ನ ರಕ್ತ ಕುದಿಯಿತು. "ಹತ್ತು ನಿಮಿಷ" ಎಂದು ಹೇಳಿ ಮ್ಯಾನೇಜರನ ಡೇರೆಗೆ ನುಗ್ಗಿ, ಲಿಖಿತ ವಿವರಣೆ ಕೇಳಿದೆ. ಆತ ಕೋಪಿಸಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು.

"ಬರ್ರಿ ಸಾಹೇಬ್ರ, ಕೂಡ್ರಿ. ಮಷೀನಿನ ಪಟ್ಟಾ ಹರದೈತ್ರಿ, ಹೊಲಿಸಾಕ ಕೊಟ್ಟೀವಿ. ಮೊದಲ ನಾಷ್ಟಾ ತಗೋರಿ, ಆಮ್ಯಾಲ ಜಗಳಾಡೂಣು."

ಬಿಸಿ ಪೂರಿ ಬಂದವು, ಬಟಾಟಿ ಭಾಜಿ ಬಂತು. ಇದುವರೆಗೆ ನನ್ನ ಪ್ರಶ್ನೆಗೆ ಯಾವ ಅಧಿಕಾರಿಯೂ ತಟ್ಟೆಯನ್ನು ಮುಂದಿಟ್ಟು ಉತ್ತರಿಸಿರಲಿಲ್ಲ. ಸಾರ್ವಜನಿಕರ ಹಕ್ಕಿನ ಬಗ್ಗೆ ಮಾತನಾಡುತ್ತ ಮಾತನಾಡುತ್ತ ಎಂಟು ಪೂರಿ ತಿಂದೆ. ಮರಳಿದಾಗ ಒಂದೂವರೆ.

ಬೇವಿನ ಕೆಳಗೆ ಐದು ಪತ್ರಾವಳಿಗಳ ಮುಂದೆ ನಾಲ್ವರು ಕುಳಿತಿದ್ದರು. ಬಡಿಸಿದ ರೊಟ್ಟಿಯನ್ನು ಯಾರೂ ಮುರಿದಿರಲಿಲ್ಲ.

"ಏನಂದ್ರು?" ಎಂದು ಅಪ್ಪ ಕೇಳಿದರು.

"ಪಟ್ಟಾ ಹರದೈತಂತ."

"ಅದನ್ನ ನಾ ಇಲ್ಲಿಂದನ ನೋಡೇನಿ. ಅಷ್ಟ ಹೇಳಾಕ ಅವ್ರಿಗೆ ಒಂದೂವರಿ ತಾಸ ಬೇಕಾತ?"

ಹಸಿವಿಲ್ಲವೆನ್ನಲು ಬಾಯಿ ತೆರೆದೆ. ಅವ್ವ ನನ್ನ ಎಲೆಯ ಮುಂದಿನ ನೆಲವನ್ನು ಸೆರಗಿನಿಂದ ಒರೆಸುತ್ತಿದ್ದಳು. ಬಾಯಿ ಮುಚ್ಚಿ ಕುಳಿತೆ.

"ಸಣ್ಣಣ್ಣಾ, ನಿನ್ನ ಅಂಗಿ ಮ್ಯಾಲ ಅದೇನ ಹಳದಿ?" ಎಂದಳು ಶಾಂತಾ.

"ಶಾಯಿ. ಅರ್ಜಿ ಬರಿಯೂ ಮುಂದ ಬಿತ್ತು."

"ಹಳದಿ ಶಾಯಿ ಇರತೈತಿ?"

"ಇಂಥಾ ಆಫೀಸಿನ್ಯಾಗ ಇರತೈತವಾ," ಎಂದರು ಅಪ್ಪ, ನನ್ನನ್ನು ನೋಡದೆಯೇ. "ಏ ಇವನವ್ವಾ, ಇಂವಗ ಇನ್ನೊಂದೆರಡ ರೊಟ್ಟಿ ಹಾಕು. ಬಡದಾಡಿ ಬಂದಾನ, ಭಾಳ ಹಸದಿರಬೇಕು."

ಹಾಕಿದಳು. ತಿಂದೆ. ಮೊಸರನ್ನ ಬಂತು, ಅದನ್ನೂ ತಿಂದೆ. "ಎರಡನೇ ಸಲ ನೀಡು, ನಾಚತಾನ" ಎಂದು ಅಪ್ಪ ಮತ್ತೆ ಮತ್ತೆ ನನ್ನ ಪರವಾಗಿ ವಾದಿಸಿದರು. ಆ ನಡುವೆ ಅಣ್ಣ ಚಟ್ನಿಯಿಂದ ಬೆಳ್ಳುಳ್ಳಿಯನ್ನು ಹೆಕ್ಕಿ ಪಕ್ಕಕ್ಕಿಡುವುದನ್ನು ಕಂಡು, "ಇಂವ ಬಳ್ಳೊಳ್ಳಿ ತಿನ್ನಂಗಿಲ್ಲೇನು?" ಎಂದು ಬೆರಗಾದರು. "ಹುಟ್ಟಿದಾಗಿಂದ" ಎಂದಳು ಅವ್ವ. ಇಪ್ಪತ್ತಾರು ವರ್ಷದ ಮಗನನ್ನು ಅಪ್ಪ ಆಗ ತಾನೇ ಪರಿಚಯವಾದವನಂತೆ ನೋಡಿದರು. ಅಣ್ಣ ನಾಚಿ ಒಂದು ಬೆಳ್ಳುಳ್ಳಿ ತಿಂದುಬಿಟ್ಟ. ಅವ್ವ ನಕ್ಕಳು. ತಾನೂ ಒಂದು ಎಲೆಯ ಮುಂದೆ ಕುಳಿತಿದ್ದೇನೆಂಬುದು ಅವಳಿಗೆ ಆಗಲೇ ನೆನಪಾಯಿತೆಂದು ತೋರುತ್ತದೆ. ನಿಧಾನವಾಗಿ ರೊಟ್ಟಿ ಮುರಿದಳು.

ತೊಟ್ಟಿಲು ತಿರುಗಲಾರಂಭಿಸಿದಾಗ ನನಗೆ ಏಳುವುದೂ ಕಷ್ಟವಾಗಿತ್ತು. "ನೀವ ಹೋಗ್ರಿ, ಗಂಟು ನಾ ಕಾಯ್ತೇನಿ" ಎಂದೆ. ನಾಲ್ವರೂ ಒಂದೇ ತೊಟ್ಟಿಲಲ್ಲಿ ಮೇಲೇರಿದರು. ಅಷ್ಟೆತ್ತರದಿಂದ ಅವ್ವ ನನ್ನತ್ತ ಕೈಬೀಸಿದಳು, ಕಣ್ಣೊರೆಸಿಕೊಂಡಂತೆಯೂ ಕಂಡಿತು. ಮನೆಯವರಿಗಾಗಿ ತನ್ನ ಆಸೆಯನ್ನೇ ಬಿಟ್ಟುಕೊಟ್ಟ ಮಗನೆಂದು ಅವಳು ಇಂದಿಗೂ ಓಣಿಯಲ್ಲೆಲ್ಲ ಹೇಳುತ್ತಾಳೆ. ಪತ್ರಿಕೆಗಳ ಸಣ್ಣಪುಟ್ಟ ತಪ್ಪಿಗೂ ತಿದ್ದುಪಡಿ ಬೇಡುವ ನಾನು, ಈ ಒಂದಕ್ಕೆ ಇನ್ನೂ ತಿದ್ದುಪಡಿ ಕಳಿಸಿಲ್ಲ.