ಶಾವಿಗೆ ಮಣೆಯ ಮೇಲೆ ಬಂದ ರೈಲು

ನಿವೃತ್ತಿಯಾದ ಮೇಲೆ ಗಂಡಸಿಗೆ ಏನಾದರೊಂದು ಹುಚ್ಚು ಹಿಡಿಯಲೇಬೇಕು. ಇಲ್ಲದಿದ್ದರೆ ಅವನು ಅಡುಗೆಮನೆಗೆ ಹೋಗಿ ಡಬ್ಬಿಗಳ ಮುಚ್ಚಳ ತೆಗೆದು ನೋಡಲು ಶುರು ಮಾಡುತ್ತಾನೆ. ನನ್ನ ಗೆಳೆಯರಲ್ಲಿ ಒಬ್ಬರಿಗೆ ಯೋಗದ ಹುಚ್ಚು ಹಿಡಿಯಿತು, ಇನ್ನೊಬ್ಬರಿಗೆ ಊರವರ ಜಾತಕ ನೋಡುವ ಹುಚ್ಚು. ನನಗೆ ಹಿಡಿದದ್ದು ರೈಲಿನ ಹುಚ್ಚು. ನಮ್ಮ ಬೈಲಹೊಂಗಲದಲ್ಲಿ ರೈಲಿಲ್ಲ. ಅತ್ತ ಸವದತ್ತಿಗೂ ಇಲ್ಲ, ರಾಮದುರ್ಗಕ್ಕೂ ಇಲ್ಲ. ರೈಲು ಬರುತ್ತದಂತೆ ಎಂಬ ಮಾತನ್ನು ಮಾತ್ರ ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಕೇಳುತ್ತಿದ್ದೇನೆ. ಈಗ ನನ್ನ ತಲೆಗೂದಲು ಹೋಗಿದೆ, ಆ ಮಾತು ಇನ್ನೂ ಬರುತ್ತಲೇ ಇದೆ. ಕೊನೆಗೆ ರೈಲು ತರುವ ಕೆಲಸವನ್ನೂ ನಾನೇ ಮಾಡಬೇಕಾಯಿತು.

ನಾನು ಸವದತ್ತಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ದಿನವೂ ಬೈಲಹೊಂಗಲದಿಂದ ಬಸ್ಸಿನಲ್ಲಿ ಹೋಗಿಬರುವುದು, ಅದೂ ಹೆಚ್ಚಾಗಿ ಮೇಲಿನ ಕಂಬಿ ಹಿಡಿದು ನಿಂತೇ. ನಿವೃತ್ತಿಯ ವರ್ಷ ರದ್ದಿ ಅಂಗಡಿಯಲ್ಲಿ ನನಗೊಂದು ಹಳೆಯ ಚಿತ್ರಪುಸ್ತಕ ಸಿಕ್ಕಿತು. ಅದರ ತುಂಬ ಬ್ರಿಟನ್ನಿನಲ್ಲಿ ಮುಖ್ಯ ಹಳಿಯಿಂದ ಕವಲೊಡೆದು ಹಳ್ಳಿಗಳಿಗೆ ಹೋಗುವ ದಾರಿಗಳ ಸಣ್ಣ ಸಣ್ಣ ರೈಲು ನಿಲ್ದಾಣಗಳು. ಒಂದು ಎಂಜಿನ್ನು, ಎರಡು ಡಬ್ಬಿ, ಒಬ್ಬ ಸ್ಟೇಷನ್ ಮಾಸ್ತರು, ಸಾಲಾಗಿ ಹಾಲಿನ ಕ್ಯಾನುಗಳು, ಪ್ಲಾಟ್‌ಫಾರ್ಮಿನ ಅಂಚಿಗೆ ಹೂವಿನ ಕುಂಡಗಳು. ಯಾರಿಗೂ ಅವಸರವಿಲ್ಲ. ಕಿಟಕಿಯೊಳಗೆ ಟವೆಲ್ಲು ಎಸೆದು ಸೀಟು ಹಿಡಿಯುವವರು ಇಡೀ ಪುಸ್ತಕದಲ್ಲಿ ಒಬ್ಬರೂ ಇರಲಿಲ್ಲ. ಮೂವತ್ತು ವರ್ಷ ನಿಂತು ಬಂದ ಮನುಷ್ಯ ಆ ಚಿತ್ರಗಳನ್ನು ನೋಡಿ ಕರಗದೆ ಏನು ಮಾಡುತ್ತಾನೆ? ಅಂಥದೊಂದು ನಿಲ್ದಾಣ ಮನೆಯಲ್ಲೇ ಕಟ್ಟಬೇಕೆಂದು ನಿರ್ಧರಿಸಿದೆ.

ಎಂಜಿನ್ನು ಕೊರಿಯರಿನಲ್ಲಿ ಬಂತು. ನನ್ನ ಅಂಗೈಯಷ್ಟು ಉದ್ದ, ಕಪ್ಪು ಬಣ್ಣ, ಕರೆಂಟಿನಿಂದ ಓಡುವಂಥದ್ದು. ಉಳಿದದ್ದೆಲ್ಲ ನನ್ನ ಕೈಕೆಲಸ. ನಮ್ಮ ಕಡೆ ಮದುವೆಯ ಕಾರ್ಡುಗಳನ್ನು ಹಲಗೆಯಷ್ಟು ದಪ್ಪ ಮಾಡಿಸುತ್ತಾರಲ್ಲ, ನಿಲ್ದಾಣದ ಗೋಡೆ ಅವುಗಳಿಂದಲೇ ಎದ್ದಿತು. ಟಿಕೆಟ್ ಕಿಟಕಿಯೊಳಗೆ ಇಣುಕಿದರೆ ಇಂದಿಗೂ ‘ಸಹಕುಟುಂಬ ಸಹಪರಿವಾರ’ ಎಂದು ಓದಬಹುದು. ಖಾಲಿ ರೀಫಿಲ್ಲುಗಳು ದೀಪದ ಕಂಬಗಳಾದವು, ಒಣಗಿದ ಹೀರೇಕಾಯಿಯ ನಾರು ಗಿಡಮರವಾಯಿತು. ನಿಲ್ದಾಣಕ್ಕೆ ಒಂದು ಇಂಗ್ಲಿಷ್ ಹೆಸರು ಹುಡುಕಿಟ್ಟಿದ್ದೆ. ‘ನನ್ನ ಬಾಯಿಗೆ ಬರಲಾರದ ಊರ ನಮ್ಮ ಮನ್ಯಾಗ ಬ್ಯಾಡ್ರಿ’ ಎಂದು ಹೆಂಡತಿ ಅನ್ನಪೂರ್ಣಾ ಹೇಳಿದ್ದರಿಂದ ಬೈಲಹೊಂಗಲ ಎಂದೇ ಬರೆದೆ, ಹಳಿಯ ಆ ತುದಿಯ ಪುಟ್ಟ ನಿಲ್ದಾಣಕ್ಕೆ ಸವದತ್ತಿ ಎಂದು. ಆಗಿನ್ನೂ ಅವಳು ನಗುತ್ತಿದ್ದಳು. ಹಳಿಗಳನ್ನು ಯಾವುದರ ಮೇಲೆ ಹಾಸಿದ್ದೇನೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಇಲ್ಲಿ ನಾನು ತಪ್ಪೊಪ್ಪಿಕೊಳ್ಳಬೇಕು. ಅಟ್ಟದ ಮೇಲೆ ಒಂದು ಸಾಗುವಾನಿ ಮಣೆಯಿತ್ತು. ಆಳುದ್ದ, ಎರಡು ಗೇಣಗಲ, ಎಲ್ಲಿಯೂ ಬಾಗಿರಲಿಲ್ಲ. ಅದರ ಮೇಲೆ ಕುಳಿತು ಹಿಟ್ಟು ತೀಡಿ ಶಾವಿಗೆ ಹೊಸೆಯುತ್ತಾರೆ. ಮದುವೆಯಲ್ಲಿ ಅನ್ನಪೂರ್ಣಾಳ ತಾಯಿ ತವರೂರು ತೊರಗಲ್ಲಿನಿಂದ ಕೊಟ್ಟು ಕಳಿಸಿದ ಮಣೆ ಅದು. ಒಂದು ಕವಲು ದಾರಿಯ ರೈಲಿಗೆ ದೇವರೇ ಅಳತೆ ಕೊಟ್ಟು ಮಾಡಿಸಿದಂತಿತ್ತು. ಹೆಚ್ಚಿನದೆಲ್ಲ ಅಂಟಿನಿಂದಲೇ ಅಂಟಿಸಿದೆ. ಮೊಳೆ ಹೊಡೆದದ್ದು ಮೂರೇ ಮೂರು.

ಆರು ತಿಂಗಳು ಕಳೆಯಿತು. ಬಿಸಿಲು ಬಲಿಯಿತು, ಓಣಿಯ ಹೆಂಗಸರೆಲ್ಲ ಶಾವಿಗೆಗೆ ದಿನ ಗೊತ್ತುಮಾಡಿದರು, ಅನ್ನಪೂರ್ಣಾ ಅಟ್ಟ ಹತ್ತಿ ಇಳಿದಳು. ನೇರವಾಗಿ ನನ್ನ ಕೋಣೆಗೆ ಬಂದು ರೈಲಿನ ಕೆಳಗೆ ಬಗ್ಗಿ ನೋಡಿದಳು. ಅವಳು ಜಗಳ ಮಾಡಿದ್ದರೆ ಚೆನ್ನಾಗಿತ್ತು.

‘ಇದರ ಮ್ಯಾಲ ಇಷ್ಟ ಬಡದಾಡೀರಿ, ರೈಲ ಒಮ್ಮೆರ ಈ ಕಡಿಂದ ಆ ಕಡಿಗೆ ನಿಲ್ಲದ ಹೋಗೇತೇನ್ರಿ?’ ಎಂದು ಕೇಳಿದಳು.

ಹೋಗಿರಲಿಲ್ಲ. ಕೊನೆಯ ನಿಲ್ದಾಣಕ್ಕೆ ಒಂದು ಗೇಣು ಉಳಿದಿರುವಾಗ ಎಂಜಿನ್ನು ದಿನವೂ ತಡವರಿಸಿ ನಿಂತುಬಿಡುತ್ತಿತ್ತು. ನಾನು ಬೆರಳಿನಿಂದ ದೂಡುತ್ತಿದ್ದೆ.

‘ಆಯ್ತವಾರ ಅಣ್ಣ ಬರತಾನ. ಅವನ ಮುಂದ ನಿಲ್ಲದ ಹೋತಂದ್ರ ಮಣಿ ನಿಮ್ದು. ನಿಂತರ, ಸೋಮವಾರ ಹಳಿ ಕಿತ್ತು, ತೊಳದು ಕೊಡ್ರಿ. ಶಾವಿಗಿಗೆ ಬರ್ರಿ ಅಂತ ಮಂದಿಗೆ ಹೇಳೇನಿ.’

ಹಳಿ ಕಿತ್ತರೆ ನಿಲ್ದಾಣ ಉಳಿಯುವುದಿಲ್ಲ, ಕುಂಡಗಳೂ ಉಳಿಯುವುದಿಲ್ಲ. ನಿಜ ಹೇಳುತ್ತೇನೆ, ಅರವತ್ತು ದಾಟಿದ ವಯಸ್ಸಿನಲ್ಲಿ ನನಗೆ ಅಳು ಬಂತು. ಅತ್ತು ಮುಗಿದ ಮೇಲೆ, ಕೊನೆಯ ನಿಲ್ದಾಣದ ಫಲಕದಲ್ಲಿ ಸವದತ್ತಿ ಎಂದು ಇದ್ದದ್ದನ್ನು ಅಳಿಸಿ ತೊರಗಲ್ ಎಂದು ಬರೆದೆ. ಇದನ್ನು ಲಂಚ ಎಂದು ಯಾರಾದರೂ ಕರೆದರೆ ನಾನು ವಾದಿಸುವುದಿಲ್ಲ.

ಭಾನುವಾರ ಅವಳಣ್ಣ ಶಿವಪುತ್ರಪ್ಪನವರು ಬಂದರು. ತೊರಗಲ್ಲಿನ ದೊಡ್ಡ ಒಕ್ಕಲುತನದವರು, ಈವರೆಗೆ ಮೂರು ಟ್ರ್ಯಾಕ್ಟರು ಕೊಂಡವರು. ತಮ್ಮೂರಿನ ಫಲಕ ಓದಿದರು, ಮೀಸೆ ಸ್ವಲ್ಪ ಸಡಿಲವಾಯಿತು. ನಾನು ಸ್ವಿಚ್ಚಿಗೆ ಕೈ ಹಾಕಿದೆ.

‘ಮಾಸ್ತರ್ರ, ತಡೀರಿ. ಗಾಡಿ ಪೂಜಿ ಆಗೇತೇನು?’

ಇದು ಆಟಿಕೆ ಎಂದುಬಿಟ್ಟಿದ್ದರೆ ಬಚಾವಾಗುತ್ತಿದ್ದೆ. ಆದರೆ ಇದು ಆಟಿಕೆಯಲ್ಲ, ನಿಜವಾದ ರೈಲಿನ ಸಣ್ಣ ರೂಪ ಎಂದು ಆರು ತಿಂಗಳಿಂದ ಓಣಿಗೆಲ್ಲ ಸಾರಿದವನು ನಾನೇ. ಪೂಜೆ ನಡೆಯಿತು. ಎಂಜಿನ್ನಿಗೆ ಕುಂಕುಮ ಬಿತ್ತು, ಹಳಿಗೆ ಭಂಡಾರದ ಅರಿಶಿನ ಬಿತ್ತು. ಆಮೇಲೆ ಶಿವಪುತ್ರಪ್ಪನವರು, ಟ್ರ್ಯಾಕ್ಟರಿಗೆ ಇಡುವಂತೆಯೇ, ಗಾಲಿಯ ಮುಂದೆ ನಿಂಬೆಹಣ್ಣು ಇಟ್ಟರು. ಹಣ್ಣು ಎಂಜಿನ್ನಿಗಿಂತ ಎತ್ತರವಿತ್ತು. ಸ್ವಿಚ್ಚು ಒತ್ತಿದೆ. ನನ್ನ ಎಂಜಿನ್ನು ಮೂಗಿನಿಂದ ಹಣ್ಣನ್ನು ತಿವಿದು, ಮುಂಗಾಲೆತ್ತಿ, ಮಗ್ಗುಲಾಗಿ ಮಲಗಿತು.

‘ಹಣ್ಣ ತುಳೀಲಾರದ ಗಾಡಿ ದಾರಿಗೆ ಬಿಡಬಾರದ್ರಿ’ ಎಂದು ಅವರು ಬಹಳ ಮರ್ಯಾದೆಯಿಂದ ಹೇಳಿದರು. ‘ಮಣಿ ತೊಳೀರಿ ಇನ್ನ.’

ನಾನು ಎಂಜಿನ್ನನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ಕುಳಿತುಬಿಟ್ಟೆ. ಅನ್ನಪೂರ್ಣಾ ನನ್ನ ಮುಖ ನೋಡಿದಳು, ಹಳಿಯ ಮೇಲಿನ ರಾಡಿ ನೋಡಿದಳು. ಪೂಜೆಯ ಸಾಮಾನು ಮಾಸಿದ್ದರೆ ಅವಳಿಗೆ ತಡೆಯಲಾಗುವುದಿಲ್ಲ. ನಿಂಬೆಹಣ್ಣು ಹೆಚ್ಚಿ, ಒಂದು ಹೋಳಿನಿಂದ ಹಿತ್ತಾಳೆಯ ಸಮೆ ದೀಪ ತಿಕ್ಕುವ ಹಾಗೆ ಎರಡೂ ಹಳಿಗಳನ್ನು ಈ ತುದಿಯಿಂದ ಆ ತುದಿಗೆ ತಿಕ್ಕಿದಳು, ಸೆರಗಿನಿಂದ ಒರೆಸಿದಳು. ಇನ್ನೊಂದು ಹೋಳು ಬಿಡಿಸಿ, ಅದರೊಳಗಿನ ರಸ ತುಂಬಿದ ಎಳೆಗಳಲ್ಲಿ ಎರಡನ್ನು ಉಗುರಿನಿಂದ ಹಗುರಾಗಿ ಎತ್ತಿ ಹಳಿಗೊಂದರಂತೆ ಇಟ್ಟಳು. ಅಕ್ಕಿಕಾಳಿನಷ್ಟು ಇದ್ದವು.

‘ಅದೇನವಾ ಅದು?’ ಎಂದರು ಅಣ್ಣ.

‘ನಿಂಬಿಹಣ್ಣ. ಗಾಡಿ ಎಷ್ಟೋ ಹಣ್ಣ ಅಷ್ಟ. ನಿನ್ನ ಟ್ರ್ಯಾಕ್ಟರಿಗೆ ಕುಂಬಳಕಾಯಿ ಇಟ್ಟಿದ್ದೇನು?’

ಸ್ವಿಚ್ಚು ಒತ್ತಿದೆ. ಚಿಟ್ ಎಂದು ಒಂದು ಸಣ್ಣ ಸದ್ದಾಯಿತು. ಎಂಜಿನ್ನು ಎರಡೂ ಎಳೆಗಳನ್ನು ತುಳಿದು, ಡಬ್ಬಿಗಳನ್ನು ಎಳೆದುಕೊಂಡು ಹೀರೇಕಾಯಿಯ ಕಾಡು ದಾಟಿತು. ದಿನವೂ ನಿಲ್ಲುವ ಜಾಗ ಬಂತು. ನಾನು ಉಸಿರು ಹಿಡಿದೆ. ರೈಲು ಹಿಡಿಯಲಿಲ್ಲ. ಆರು ತಿಂಗಳಿಂದ ತಡೆದದ್ದು ಆ ಜಾಗದಲ್ಲಿ ಹಳಿಗೆ ಹತ್ತಿದ ಜಿಡ್ಡು, ಅದಕ್ಕೆ ಬೇಕಾಗಿದ್ದುದು ಒಂದು ಹೋಳು ನಿಂಬೆ ಎಂಬುದು ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ. ರೈಲು ನೇರವಾಗಿ ಹೋಗಿ ತೊರಗಲ್ ಫಲಕದ ಕೆಳಗೆ ನಿಂತಿತು. ಶಿವಪುತ್ರಪ್ಪನವರು ಎದ್ದು ನಿಂತು ಕೈಮುಗಿದರು. ‘ನಮ್ಮೂರಿಗೂ ರೈಲು ಬಂತಲ್ರೀ ಮಾಸ್ತರ್ರ’ ಎಂದು ಮೆಲ್ಲಗೆ ಹೇಳಿದರು. ಊಟಕ್ಕೆ ಕರೆಯುವವರೆಗೂ ಅವರು ಸ್ವಿಚ್ಚು ಬಿಡಲಿಲ್ಲ. ಅಷ್ಟು ಸಂತೋಷ ನನಗೆ ನೌಕರಿ ಸಿಕ್ಕಾಗಲೂ ಆಗಿರಲಿಲ್ಲ.

ಅನ್ನಪೂರ್ಣಾ ಮಾತಿಗೆ ತಪ್ಪಲಿಲ್ಲ. ಸೋಮವಾರ ಬಂದ ಹೆಂಗಸರಿಗೆ ರೈಲು ತೋರಿಸಿ, ಚಹಾ ಕುಡಿಸಿ ಕಳಿಸಿದಳು. ಮಣೆ ನನ್ನದಾಯಿತು. ಈಗ ಬೈಲಹೊಂಗಲದಿಂದ ದಿನಕ್ಕೆ ನಾಲ್ಕು ರೈಲು ಹೊರಡುತ್ತವೆ, ಒಂದೂ ತಡವಾಗಿಲ್ಲ. ಮುಂದಿನ ಹಬ್ಬದ ದಿನ ಊಟಕ್ಕೆ ಕುಳಿತೆ. ಅವಳ ಕೈಯ ಶಾವಿಗೆ ಕೂದಲೆಳೆಯಂತೆ ಬಿಡಿಬಿಡಿಯಾಗಿ ಹಾಲಿನಲ್ಲಿ ತೇಲುತ್ತದೆ. ಆ ಪಾಯಸಕ್ಕೆ ನಾನು ವರ್ಷವೆಲ್ಲ ಕಾಯುತ್ತೇನೆ. ಈ ಸಲ ಬಟ್ಟಲಿನಲ್ಲಿ ನಿಲ್ದಾಣದ ಗೋಡೆಗೆ ಕಾರ್ಡು ಅಂಟಿಸಲು ಬರುವಂಥ ಗಂಜಿ ಏನೋ ಇತ್ತು.

‘ಇದ್ಯಾಕ ಹಿಂಗ ಆಗೇತಿ?’ ಎಂದೆ.

‘ಅಂಗಡಿ ಶಾವಿಗಿ’ ಎಂದಳು ಅವಳು, ಇನ್ನೊಂದು ಸೌಟು ಬಡಿಸುತ್ತ. ‘ಸ್ಟೇಷನ್‌ದಾಗ ಇಂಥಾದ್ದ ಸಿಗತೈತ್ರಿ.’

ನಾನು ಸ್ಟೇಷನ್ ಮಾಸ್ತರ. ಅದನ್ನೂ ಕುಡಿದು ಬಟ್ಟಲು ತೊಳೆದಿಟ್ಟೆ.