ಕಾಂತರಾಜುವಿನ ತೇಗದ ನೆಲ

ಬಾಯಿ ಸುಮ್ಮನಿದ್ದಿದ್ದರೆ ಕಾಂತರಾಜು ಗೃಹಪ್ರವೇಶದ ದಿನ ನೆಮ್ಮದಿಯಾಗಿ ಹೋಳಿಗೆ ತಿನ್ನಬಹುದಿತ್ತು. ಅರಕಲಗೂಡಿನ ಹೊಸ ಮನೆಗೆ ಅವನು ಹಾಕಿಸಿದ್ದು ಲ್ಯಾಮಿನೇಟ್ ನೆಲ. ಒತ್ತಿದ ಮರದ ಪುಡಿಯ ಹಲಗೆ, ಅದರ ಮೇಲೆ ತೇಗದ ಚಿತ್ರದ ಹಾಳೆ, ಅಷ್ಟೇ. ಆದರೆ ಚನ್ನರಾಯಪಟ್ಟಣದ ಷಡ್ಡಕ ರಜನೀಶ ತನ್ನ ಗ್ರಾನೈಟಿನ ಬಗ್ಗೆ ಕೊಚ್ಚಿಕೊಳ್ಳುವಾಗ ತಡೆಯಲಾರದೆ, "ನಂದು ಅಸಲಿ ತೇಗ" ಎಂದುಬಿಟ್ಟಿದ್ದ. ಮಾತು ಬೀದಿಗೆಲ್ಲ ಹಬ್ಬಿತು.

"ನೀರು ನಿಂತ್ರೆ ಊದ್ಕತದೆ ಸಾ, ಉಸಾರು" ಎಂದು ನೆಲ ಹಾಕಿದವನು ಹೇಳಿ ಹೋಗಿದ್ದ. ನೀರಿಲ್ಲದ ಗೃಹಪ್ರವೇಶ ಎಲ್ಲಾದರೂ ಉಂಟೇ?

ಬೆಳಿಗ್ಗೆ ಮೊದಲು ಒಳಗೆ ಬರಬೇಕಾದ ಹಸುವನ್ನು ಹಿಡಿದು ಅವನ ಅವ್ವ ಬೆಟ್ಟಮ್ಮ ಬಾಗಿಲಲ್ಲಿ ನಿಂತಿದ್ದಳು.

"ಅವ್ವಾ, ಗೊರಸು ತಗುಲಿದ್ರೆ ತೇಗ ಗೀರಾಯ್ತದೆ. ಒಳಿಕ್ ಬ್ಯಾಡ."

"ಹಸ ತುಳೀದಿದ್ ಮನೇಲಿ ನಾನೆಂಗ್ಲಾ ಇರದು?"

ಗೊಣಗಿದರೂ ತೇಗವಲ್ಲವೇ ಎಂದು ಹಸುವನ್ನು ಗೇಟಿಗೆ ಕಟ್ಟಿದಳು. ಕಾಂತರಾಜು ಹಾಲುಕ್ಕಿಸುವ ಒಲೆಯನ್ನೂ ಹಿತ್ತಲಿಗೆ ಸಾಗಿಸಿದ. ಕಳಶದಿಂದ ಹನಿ ಬಿದ್ದಲ್ಲೆಲ್ಲ ಹೊಸ ಪಂಚೆಯಿಂದ ಒರೆಸಿದ. ಪುರೋಹಿತರು ನೋಡಿಯೂ ನೋಡದವರಂತೆ ಮಂತ್ರ ಮುಂದುವರಿಸಿದರು.

ಶಾಮಿಯಾನದಲ್ಲಿ ಊಟ ಮುಗಿಯಿತು. ನೆಲ ಒಣಗಿಯೇ ಇತ್ತು. ಗೆದ್ದೆನಪ್ಪಾ ಎಂದುಕೊಳ್ಳುವಾಗಲೇ ರಜನೀಶ ಒಬ್ಬನ ಕೈಲಿ ನೆಲ ಉಜ್ಜುವ ಮೆಷಿನ್ ಹೊರಿಸಿಕೊಂಡು ಒಳಬಂದ.

"ನನ್ ಮುಯ್ಯಿ ಇದೇ ಕಣಪ್ಪ. ಮೇಲಿಂದ್ ಒಂದ್ ಪದ್ರ ಉಜ್ಜಿ ಪಾಲಿಷ್ ಒಡುದ್ರೆ ನಿನ್ ತೇಗ ಕನ್ನಡಿ ಆಯ್ತದೆ."

ಕಾಂತರಾಜುವಿನ ತೇಗವೆಲ್ಲ ಇದ್ದದ್ದೇ ಆ ಪದರದಲ್ಲಿ.

"ಇವತ್ ಬ್ಯಾಡ ರಜನಿ."

"ಮುಯ್ಯಿ ಬ್ಯಾಡ ಅನ್ಬಾರ್ದು. ಶುರು ಮಾಡಯ್ಯ."

ಮೆಷಿನ್ ಗುರ್ರೆಂದಿತು. ಕಾಂತರಾಜು ಅದರ ಮುಂದೆ ಅಂಗಾತ ಮಲಗಿಬಿಟ್ಟ.

"ತೇಗ ಅಲ್ಲ ಕಣಪ್ಪ, ತೇಗದ್ ಚಿತ್ರ. ಬರೀ ಪೇಪರ್ರು. ಸುಳ್ ಹೇಳ್ಬುಟ್ಟೆ, ನಿಲ್ಸು."

ಮೆಷಿನ್ ನಿಂತಿತು, ನೆಂಟರ ನಗು ನಿಲ್ಲಲಿಲ್ಲ. ಮಾನ ಹೋದರೇನು, ನೆಲ ಉಳಿಯಿತಲ್ಲ ಎಂದು ಕಾಂತರಾಜು ಮಲಗಿದಲ್ಲೇ ನೆಮ್ಮದಿಯ ಉಸಿರು ಬಿಟ್ಟ.

"ಪೇಪರ್ರಾ?" ಬಾಗಿಲಿನಿಂದ ಬೆಟ್ಟಮ್ಮನ ದನಿ ಬಂತು. "ಈ ಪೇಪರ್ರಿಗಾ ನಾನು ಬೆಳಿಗ್ಗಿಂದ ಹಸಾನ ಬಿಸ್ಲಲ್ ನಿಲ್ಸಿದ್ದು? ಬಾ ನಮ್ಮವ್ವ, ಒಳಿಕ್ ಬಾ."

ಗೇಟಿನಲ್ಲಿ ಬಕೆಟ್‌ಗಟ್ಟಲೆ ನೀರು ಕುಡಿದಿದ್ದ ಹಸು ನಡುಮನೆಗೆ ಬಂದು ನಿಂತು, ನಿಧಾನವಾಗಿ ಬಾಲ ಎತ್ತಿತು. ಹೆಂಗಸರೆಲ್ಲ ಭಕ್ತಿಯಿಂದ ಕೈಮುಗಿದರು. ಕಾಂತರಾಜು ಪಂಚೆ ಹಿಡಿದು ಧಾವಿಸಿದ.

ಬೆಟ್ಟಮ್ಮ ಅವನ ರಟ್ಟೆ ಹಿಡಿದು ನಿಲ್ಲಿಸಿದಳು. "ಒರುಸ್ಬ್ಯಾಡ ಕಣ್ಲಾ. ತಾನಾಗೇ ಆರ್ಬೇಕು, ಅದೇ ಶುಭ."