ಗುರುಗಳಿಗೆ ನಾನು ಬರೆದ ಇ-ಮೇಲ್

ಪತ್ರ ಬರೆಯುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಿವೃತ್ತನಾಗುವವರೆಗೂ ಕಚೇರಿಯಲ್ಲಿ ನಾನು ಮಾಡಿದ್ದು ಅದೊಂದೇ ಕೆಲಸ. ಹೀಗಾಗಿ ಮಗಳು ವೀಣಾ ತನ್ನ ಕಾಲೇಜಿನ ಪ್ರಾಧ್ಯಾಪಕರಿಗೆ ಕಳಿಸಲೆಂದು ಬರೆದಿಟ್ಟ ಇ-ಮೇಲ್ ಕಣ್ಣಿಗೆ ಬಿದ್ದಾಗ ಸುಮ್ಮನಿರಲಾಗಲಿಲ್ಲ. ಸುಮ್ಮನಿದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಎಂ.ಎಸ್ಸಿ. ಪ್ರವೇಶಕ್ಕೆ ಅವಳಿಗೆ ಅವರಿಂದ ಒಂದು ಶಿಫಾರಸು ಪತ್ರ ಬೇಕಿತ್ತು. ಸೋಮವಾರವೇ ಕೊನೆಯ ದಿನ. ತಪ್ಪಿದರೆ ಒಂದು ವರ್ಷ ಮನೆಯಲ್ಲಿ ಕೂರಬೇಕು. ಅವಳು ಬರೆದದ್ದು ಇಷ್ಟೇ: ‘ಸರ್, ನಮಸ್ಕಾರ. ಎಂ.ಎಸ್ಸಿ. ಅರ್ಜಿಗೆ ತಮ್ಮ ಶಿಫಾರಸು ಪತ್ರ ಬೇಕಾಗಿದೆ. ದಯವಿಟ್ಟು ಸೋಮವಾರದೊಳಗೆ ಕೊಡುವಿರಾ? ವೀಣಾ, ಬಿ.ಎಸ್ಸಿ. ಕೊನೆಯ ವರ್ಷ.’

“ಇದೇನವಾ? ಗುರುಗಳಿಗೆ ಬರಿಯೂ ರೀತೀನ ಇದು? ಕಿರಾಣಿ ಅಂಗಡ್ಯಾವಗ ಅರ್ಧ ಕಿಲೋ ಶೇಂಗಾ ಹೇಳಿದಂಗ ಐತಿ!”

“ಅಪ್ಪಾ, ಮೇಲ್ ಹಿಂಗ ಬರೀತಾರ್ರಿ.”

“ಧಾರವಾಡದ ನೀರು ಕುಡದವರು ಬರಿಯೂದಿಲ್ಲ.”

ಪರೀಕ್ಷೆ ಮುಗಿಸಿ ಬಂದು ಸುಸ್ತಾಗಿದ್ದಳು. “ಹಂಗಾರ ನೀವ ಬರೀರಿ,” ಎಂದು ಲ್ಯಾಪ್‌ಟಾಪ್ ನನ್ನ ಕಡೆ ತಳ್ಳಿ ಮಲಗಲು ಹೋದಳು. ಅಡುಗೆಮನೆಯಿಂದ ಹೆಂಡತಿಯ ದನಿ ಬಂತು: “ಅಲ್ರೀ, ಆಕಿ ಬರದದ್ದು ಸರಿ ಐತಲ್ಲ. ನಿಮಗ್ಯಾಕ ಬೇಕು ಇಲ್ಲದ ಉಸಾಬರಿ?”

ಉಸಾಬರಿ ಶುರುವಾಯಿತು. ‘ವಿಷಯ: ತಮ್ಮ ಕ್ಷೇಮ ಸಮಾಚಾರ ಕುರಿತು’ ಎಂದು ಹಾಕಿದೆ. ಗುರುಗಳ ಪಾದಾರವಿಂದಗಳಿಗೆ ನಮಸ್ಕರಿಸಿದೆ. ಇತ್ತ ನಾವೆಲ್ಲ ಕ್ಷೇಮ ಎಂದೆ. ಅವರ ಮನೆಯವರ ಆರೋಗ್ಯ ಕೇಳಿದೆ, ಈ ಸಲದ ಸೆಕೆಯ ಬಗ್ಗೆ ಮರುಗಿದೆ. ಬಳಿಕ, ಕುಟುಂಬ ಸಮೇತ ಒಮ್ಮೆ ನವನಗರದ ನಮ್ಮ ಮನೆಗೆ ಊಟಕ್ಕೆ ದಯಮಾಡಿಸಬೇಕೆಂದೆ. ನಮ್ಮ ಕಡೆ ಹೀಗೆ ಕರೆಯುವುದು ಪದ್ಧತಿ. ಕರೆದವರೂ ನೆನಪಿಡುವುದಿಲ್ಲ, ಕರೆಸಿಕೊಂಡವರೂ ಬರುವುದಿಲ್ಲ. ಆದರೆ ‘ಒಮ್ಮೆ’ ಎಂದರೆ ಬಾಯಿಮಾತು ಅನ್ನಿಸೀತೆಂದು ಅದನ್ನು ಅಳಿಸಿ ‘ಬರುವ ಭಾನುವಾರ’ ಎಂದು ತಿದ್ದಿದೆ. ಶಿಫಾರಸಿನ ಮಾತನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟೆ. ಬಂದ ಕೂಡಲೇ ಕೆಲಸದ ಮಾತೆತ್ತುವುದು ಸಭ್ಯರ ಲಕ್ಷಣವಲ್ಲ! ಕೆಳಗೆ ವೀಣಾಳ ಹೆಸರು ಹಾಕಿ ಕಳಿಸಿಯೂ ಬಿಟ್ಟೆ.

ಮರುದಿನ ಬೆಳಿಗ್ಗೆ ವೀಣಾ ಫೋನು ಹಿಡಿದು ನನ್ನೆದುರು ನಿಂತಳು.

“ಸರ್ ಅವರ ಉತ್ತರ ಬಂದೈತಿ.”

“ನೋಡಿದಿ? ಏನಂತಾರ?”

“ಭಾಳ ಸಂತೋಷ, ಭಾನುವಾರ ಮಧ್ಯಾಹ್ನ ಎಲ್ಲಾರೂ ಬರ್ತೀವಿ ಅಂತ.”

“ಮತ್ತ ಪತ್ರ?”

“ಅದರ ಸುದ್ದಿನ ಇಲ್ಲ!”

ತಾನೇ ಇನ್ನೊಂದು ಮೇಲ್ ಹಾಕುತ್ತೇನೆಂದಳು. ನಾನು ಬಿಡಲಿಲ್ಲ. ಊಟಕ್ಕೆ ಕರೆದು ಬೆನ್ನಿಗೇ ಕೆಲಸ ಕೇಳಿದರೆ ಆ ಊಟಕ್ಕೆ ಲಂಚವೆಂಬ ಹೆಸರು ಬರುತ್ತದೆ. “ಎದುರಿಗೆ ಕೂತಾಗ ನಾನ ನಯವಾಗಿ ಕೇಳ್ತೇನಿ,” ಎಂದು ಭರವಸೆ ಕೊಟ್ಟೆ. ಹೆಂಡತಿ ಹೋಳಿಗೆಗೆ ಕಡಲೆಬೇಳೆ ತೆಗೆದಳು. ಅವಳು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಭಾನುವಾರ ಗೋಪನಕೊಪ್ಪದಿಂದ ಗುರುಗಳು ಬಂದರು. ಹೆಂಡತಿ, ಇಬ್ಬರು ಮಕ್ಕಳು, ತಾಯಿ, ಜೊತೆಗೆ ಊರಿಂದ ಬಂದಿದ್ದ ಭಾವಮೈದುನ. ಕುಟುಂಬ ಸಮೇತ ಎಂದು ಬರೆದವನು ನಾನೇ! ಎಣ್ಣೆಗಾಯಿ ಚೆನ್ನಾಗಿದೆ ಎಂದರು. ಹೋಳಿಗೆ ಇನ್ನೂ ಚೆನ್ನಾಗಿದೆ ಎಂದರು. ಬಾಗಿಲ ಹತ್ತಿರ ನಿಂತಿದ್ದ ಮಗಳ ಮುಖ ನೋಡಿ ಕೈಯಲ್ಲಿದ್ದ ತುತ್ತು ಎಲೆಗಿಟ್ಟೆ. ಧೈರ್ಯ ಮಾಡಿದೆ.

“ಸರ್, ಒಂದು ಮಾತು…”

“ಹೇಳ್ರಿ, ಹೇಳ್ರಿ.”

“…ಇನ್ನೊಂದು ಹೋಳಿಗಿ ಹಾಕಿಸಿಕೊಳ್ರಿ.”

ಎಲೆ ಅಡಿಕೆಯೂ ಆಯಿತು. ಗುರುಗಳು ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟತೊಡಗಿದರು. ನಾನು ಕೈಮುಗಿದುಕೊಂಡು ನಿಂತೇ ಇದ್ದೆ. ವೀಣಾ ನನ್ನನ್ನು ಸರಿಸಿ ಮುಂದೆ ಬಂದಳು.

“ಸರ್, ಎಂ.ಎಸ್ಸಿ.ಗೆ ನಿಮ್ಮದೊಂದು ಶಿಫಾರಸು ಪತ್ರ ಬೇಕಾಗೇತ್ರಿ. ನಾಳೆ ಕಡೀ ದಿನ.”

“ಇಷ್ಟ ಏನು? ಮೊದಲ ಕೇಳಬಾರದೇನವಾ?”

“ಮೇಲ್‌ನ್ಯಾಗ ಐತ್ರಿ ಸರ್. ತೀರ ಕಡೀಕ.”

ಅವರು ಫೋನು ತೆಗೆದು ಹೆಬ್ಬೆರಳಿನಿಂದ ಸರಿಸುತ್ತಾ ಹೋದರು. ಬಹಳ ಹೊತ್ತು ಸರಿಸಿದರು.

“ಹೌದಲ್ಲ! ನಾ ಊಟದ ತನಕ ಓದಿ ನಿಲ್ಲಿಸಿದ್ದೆ. ಇರಲಿ, ಸಂಜಿಕ ಕಳಸ್ತೇನಿ. ನೀನು ಶಾಣ್ಯಾಕಿ. ಆದ್ರ ಮೇಲ್ ಬರಿಯೂದು ಒಂಚೂರು ಕಲಿಯವಾ. ಇಷ್ಟುದ್ದ ಬರದ್ರ ಯಾರು ಓದ್ತಾರ?”

ವೀಣಾ ನನ್ನನ್ನೇ ನೋಡಿದಳು. ಹೆಂಡತಿಯೂ ನೋಡಿದಳು. ಅದನ್ನು ಬರೆದವನು ನಾನು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಬಾಯಿ ತೆರೆದೆ.

“ಖರೇ ಅಂದ್ರಿ ಸರ್. ಈಗಿನ ಹುಡುಗರಿಗೆ ಎಷ್ಟು ಹೇಳಿದರೂ ಅಷ್ಟ!”

ಪತ್ರ ಸಂಜೆಯೇ ಬಂತು. ಮಗಳು ಅದನ್ನು ತನ್ನ ಅಮ್ಮನಿಗೆ ತೋರಿಸಿದಳು. ನನಗೆ ತೋರಿಸಲಿಲ್ಲ. ಕೇಳುವ ಧೈರ್ಯ ನನಗೂ ಆಗಲಿಲ್ಲ.